ಕಾಡಿಗೆ ಹೋಗುವವನ ಉಡುಪು

ಮದುವೆಗೆ ಹೋಗುವಾಗ ಏನು ಉಡಬೇಕೆಂಬುದರ ಬಗ್ಗೆ ನಮ್ಮಲ್ಲಿ ಯಾರೂ ಭಾಷಣ ಮಾಡಬೇಕಾಗಿಲ್ಲ. ಅದನ್ನು ಮನೆಯವರೇ ತೀರ್ಮಾನಿಸುತ್ತಾರೆ. ಕಚೇರಿಗೆ ಏನು ತೊಡಬೇಕೆಂಬುದನ್ನು ಕಚೇರಿಯೇ ಕಲಿಸುತ್ತದೆ. ಕಾಡಿಗೆ ಹೋಗುವಾಗ ಏನು ಧರಿಸಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾರನ್ನು ಕೇಳಬೇಕೆಂದು ನಮಗೆ ತಿಳಿಯದು. ಹೀಗಾಗಿ ಅದಕ್ಕೆ ಅಂಗಡಿಯವನೇ ಉತ್ತರ ಹೇಳುತ್ತಾನೆ. ಅವನ ಉತ್ತರದ ತುದಿಯಲ್ಲಿ ಯಾವಾಗಲೂ ಒಂದು ಬೆಲೆಯ ಚೀಟಿ ನೇತಾಡುತ್ತಿರುತ್ತದೆ.

ಚಾರಣದ ಹವ್ಯಾಸ ಈಗ ನಮ್ಮ ಪಟ್ಟಣಗಳಲ್ಲಿ ಚೆನ್ನಾಗಿ ಬೇರೂರಿದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಬೆಳಗಾಗುವಾಗ ಕುಮಾರಪರ್ವತದ ಬುಡದಲ್ಲೋ ಕೊಡಚಾದ್ರಿಯ ತಪ್ಪಲಿನಲ್ಲೋ ಇಳಿಯುವ ತರುಣ ತರುಣಿಯರನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ನಾನೂ ಅಧ್ಯಾಪಕನಾಗಿದ್ದ ಕಾಲದಲ್ಲಿ ರಜೆ ಬಂದೊಡನೆ ಹುಡುಗರನ್ನು ಕಟ್ಟಿಕೊಂಡು ಮಲೆನಾಡಿಗೆ ಹೊರಡುತ್ತಿದ್ದವನು. ಆ ಹಳೆಯ ಹೆಸರಿನ ಬಲದಿಂದ ಇಂದಿಗೂ ಕೆಲವರು ನನ್ನನ್ನು ಕೇಳುವುದುಂಟು: “ಹುಳುಹುಪ್ಪಟೆ ಕಚ್ಚದಂಥ ಬಟ್ಟೆ ಯಾವುದು ಸಾರ್?” ಒಂದೇ ಮಾತಿನ ಉತ್ತರವನ್ನು ಕೊಟ್ಟು ಅವರನ್ನು ಸಂತೋಷಪಡಿಸಬೇಕೆಂದು ಬಹುಕಾಲದಿಂದ ಪ್ರಯತ್ನಿಸುತ್ತಿದ್ದೇನೆ, ಸಾಧ್ಯವಾಗಿಲ್ಲ. ಏಕೆ ಸಾಧ್ಯವಾಗಿಲ್ಲ ಎಂಬುದೇ ಈ ಭಾಷಣದ ವಿಷಯ.

ನಮ್ಮ ಹಿರಿಯರು “ಕಾಲಕ್ಕೆ ತಕ್ಕ ಕೋಲ” ಎಂದರು. ಕೋಲವೆಂದರೆ ವೇಷ. ಈ ಗಾದೆಯನ್ನು ಸಮಯಸಾಧಕರನ್ನು ಹಂಗಿಸುವುದಕ್ಕೆ ಬಳಸಿ ಬಳಸಿ ನಾವು ಅದರ ನೇರವಾದ ಅರ್ಥವನ್ನು ಮರೆತಿದ್ದೇವೆ. ಕಾಡಿನ ಉಡುಪಿನ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಮಲೆನಾಡಿನ ಒಂದೇ ಹಾದಿಯಲ್ಲಿ ಆಷಾಢದಲ್ಲಿ ನಡೆಯುವವನಿಗೂ ಮಾಘದಲ್ಲಿ ನಡೆಯುವವನಿಗೂ ಎದುರಾಗುವ ಶತ್ರುಗಳು ಬೇರೆ ಬೇರೆ. ಮೊದಲು ಶತ್ರು ಯಾರೆಂದು ತಿಳಿಯಬೇಕು. ಕವಚದ ಮಾತು ಅನಂತರದ್ದು.

ನಾನು ಮೊದಲ ಸಲ ಕೊಡಚಾದ್ರಿಗೆ ಹೋದದ್ದು ಆಗಸ್ಟ್ ತಿಂಗಳಿನಲ್ಲಿ. ಮಳೆಯಲ್ಲಿ ಬಟ್ಟೆ ಕಡಿಮೆಯಿದ್ದಷ್ಟೂ ಒದ್ದೆಯಾಗುವುದು ಕಡಿಮೆ ಎಂಬುದು ಅಂದಿನ ನನ್ನ ತರ್ಕ. ಆದ್ದರಿಂದ ಮೊಣಕಾಲಿನ ಮೇಲಿನ ಚಡ್ಡಿ, ಅರ್ಧ ತೋಳಿನ ಅಂಗಿ, ಕ್ಯಾನ್ವಾಸ್ ಷೂ ಧರಿಸಿಕೊಂಡು ಹೊರಟಿದ್ದೆ. ಬೆಟ್ಟದ ಬುಡದ ಮನೆಯೊಂದರಲ್ಲಿ ಉಳಿಯಲು ಏರ್ಪಾಡಾಗಿತ್ತು. ಆ ಮನೆಯನ್ನು ಸೇರುವಷ್ಟರಲ್ಲಿ ನನ್ನ ಎರಡು ಕಾಲುಗಳಲ್ಲೂ ರಕ್ತ ಇಳಿಯುತ್ತಿತ್ತು. ಮನೆಯ ಹಿರಿಯಾಕೆ ಜಗುಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇದೆಂಥದು ಮಾರಾಯ್ರೆ, ಇಂಬಳಕ್ಕೆ ಬಾಳೆಲೆ ಹಾಕಿ ಬಡಿಸಿದ ಹಾಗೆ ಬಂದಿದ್ದೀರಲ್ಲ!” ಎಂದರು. ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಆ ಒಂದು ವಾಕ್ಯದಿಂದ ಕಲಿತದ್ದು ಹೆಚ್ಚು.

ಇಂಬಳವೆಂದರೆ ನೆಲದ ಜಿಗಣೆ. ಶಾಸ್ತ್ರದ ಪ್ರಕಾರ ಅದು ಕೀಟವಲ್ಲ; ಎರೆಹುಳುವಿನ ದೂರದ ದಾಯಾದಿ. ತೇವವಿಲ್ಲದೆ ಅದು ಬದುಕಲಾರದು. ಆದ್ದರಿಂದ ಮಳೆಗಾಲದ ನಾಲ್ಕು ತಿಂಗಳು ಅದರ ರಾಜ್ಯಭಾರ. ಎಲೆಯ ಮೇಲೆ ತುದಿಗಾಲಿನಲ್ಲಿ ನಿಂತಂತೆ ನಿಂತು, ನಮ್ಮ ಹೆಜ್ಜೆಯ ಕಂಪನವನ್ನೂ ಮೈಯ ಬಿಸಿಯನ್ನೂ ಉಸಿರನ್ನೂ ಗ್ರಹಿಸಿ, ಗೇಣು ಹಾಕಿದಂತೆ ಮೈಯನ್ನು ಬಾಗಿಸಿ ಬಾಗಿಸಿ ಹತ್ತಿರ ಬರುತ್ತದೆ. ಕಚ್ಚಿದ್ದು ತಿಳಿಯುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಅದು ಗಾಯಕ್ಕೆ ಸೇರಿಸುವುದರಿಂದ, ಹೊಟ್ಟೆ ತುಂಬಿ ತಾನಾಗಿ ಉದುರಿಹೋದ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ನೋಡುವವರಿಗೆ ಭಯಂಕರ, ಅನುಭವಿಸುವವನಿಗೆ ತುರಿಕೆಯಷ್ಟೆ. ಸುಶ್ರುತನು ಜಿಗಣೆಗಳಲ್ಲಿ ಹನ್ನೆರಡು ಬಗೆಗಳನ್ನು ಎಣಿಸಿ, ಆರನ್ನು ವಿಷವುಳ್ಳವೆಂದೂ ಆರನ್ನು ಚಿಕಿತ್ಸೆಗೆ ಯೋಗ್ಯವೆಂದೂ ವಿಂಗಡಿಸಿದ್ದಾನೆ. ವೈದ್ಯನ ಚೀಲದಲ್ಲಿ ಸ್ಥಾನ ಪಡೆದಿದ್ದ ಪ್ರಾಣಿಯನ್ನು ತೀರ ದ್ವೇಷಿಸುವುದು ಸರಿಯಲ್ಲ.

ಆ ತಾಯಿ ಮರುದಿನ ಬೆಳಗ್ಗೆ ನಮಗೆಲ್ಲ ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲಿಗೂ ಕಾಲುಚೀಲಕ್ಕೂ ಸವರಿಕೊಳ್ಳಲು ಕೊಟ್ಟರು. ಅದರಿಂದ ಪ್ರಯೋಜನವಾಯಿತು, ಆದರೆ ಮೊದಲ ಹಳ್ಳ ದಾಟುವವರೆಗೆ ಮಾತ್ರ. ಸವರಿದ್ದೆಲ್ಲವನ್ನೂ ನೀರು ತೊಳೆದುಬಿಡುತ್ತದೆ. ಮಳೆಗಾಲದಲ್ಲಿ ನಂಬಬೇಕಾದದ್ದು ಮದ್ದನ್ನಲ್ಲ, ನೇಯ್ಗೆಯನ್ನು ಎಂಬುದು ನನಗೆ ಹೊಳೆದದ್ದು ಅಂದು. ನಾವು ದಿನವೂ ಹಾಕಿಕೊಳ್ಳುವ ಕಾಲುಚೀಲ ಹೆಣೆದದ್ದು; ಅದರ ಕಣ್ಣುಗಳು ಹಿಗ್ಗುತ್ತವೆ. ಇಂಬಳ ತನ್ನ ಮೈಯನ್ನು ದಾರದಂತೆ ಸಣ್ಣಗೆ ಮಾಡಿಕೊಂಡು ಅದರೊಳಗೆ ನುಸುಳಬಲ್ಲದು. ದಟ್ಟವಾಗಿ ನೇಯ್ದ ಬಟ್ಟೆಯ ಮುಂದೆ ಅದರ ಆಟ ನಡೆಯದು. ಮಾದರಪಾಟಿನಂಥ ಬಟ್ಟೆಯಲ್ಲಿ ಪಾದದಿಂದ ಮೊಣಕಾಲಿನವರೆಗೆ ಒಂದು ಚೀಲ ಹೊಲಿಸಿ, ಷೂ ಒಳಗೆ ತೊಟ್ಟು, ಷರಾಯಿಯ ಮೇಲೆ ಎಳೆದು, ಮೊಣಕಾಲಿನ ಕೆಳಗೆ ಲಾಡಿ ಬಿಗಿದರೆ ಮುಗಿಯಿತು. ಇಂಬಳ ಚೀಲದ ಹೊರಗೇ ಏರುತ್ತಾ ಬರುತ್ತದೆ, ನಮ್ಮ ಕಣ್ಣಿಗೆ ಬೀಳುತ್ತದೆ, ಕಡ್ಡಿಯಿಂದ ಸರಿಸಿಬಿಡಬಹುದು. ಮೊಣಕಾಲುದ್ದದ ರಬ್ಬರ್ ಬೂಟು ಇನ್ನೂ ಒಳ್ಳೆಯದೆಂದು ಭಾವಿಸುವವರಿದ್ದಾರೆ. ಅದರ ಬಾಯಿ ತೆರೆದೇ ಇರುತ್ತದೆ. ಹೊರಗಿನಿಂದ ಹತ್ತಿ ಒಳಗಿಳಿದ ಇಂಬಳಕ್ಕೆ ಅದು ಬೆಚ್ಚಗಿನ ಛತ್ರ.

ಕಚ್ಚಿಕೊಂಡ ಇಂಬಳದ ಮೇಲೆ ಉಪ್ಪನ್ನೋ ಸುಣ್ಣವನ್ನೋ ಹಾಕುವ ಪದ್ಧತಿಯಿದೆ. ಹಾಗೆ ಮಾಡಿದಾಗ ಅದು ಕುಡಿದದ್ದನ್ನು ಗಾಯದೊಳಕ್ಕೇ ಕಾರಬಹುದು. ಗಾಯ ಕೀವುಗಟ್ಟುವುದಕ್ಕೆ ಅದೂ ಒಂದು ಕಾರಣ. ಉಗುರನ್ನು ಚರ್ಮದ ಮೇಲೆ ಜಾರಿಸಿ ಅದರ ಬಾಯಿಯ ಹಿಡಿತವನ್ನು ಮೆಲ್ಲಗೆ ಬಿಡಿಸುವುದೇ ಸರಿಯಾದ ಕ್ರಮ.

ಸಂಜೆಯ ಶತ್ರು ಸೊಳ್ಳೆ. ನಾನು ಈ ಹೊತ್ತು ಹೆಸರಿಸುವ ಪ್ರಾಣಿಗಳಲ್ಲಿ ಕೀಟವೆಂಬ ಹೆಸರಿಗೆ ನಿಜವಾಗಿ ಅರ್ಹವಾದದ್ದು ಅದೊಂದೇ. ಅದರ ಎದುರು ಬಟ್ಟೆಯ ದಪ್ಪಕ್ಕಿಂತ ಬಟ್ಟೆ ಮೈಗೆ ಅಂಟದಿರುವುದು ಮುಖ್ಯ. ಈಗಿನ ತರುಣರು ಇಷ್ಟಪಡುವ, ಚರ್ಮಕ್ಕೆ ಅಂಟಿಕೊಂಡಿರುವ ಷರಾಯಿಯ ಮೇಲೆ ಕುಳಿತು ಸೊಳ್ಳೆ ಸೊಂಡಿಲನ್ನು ನೇರವಾಗಿ ಒಳಗಿಳಿಸುತ್ತದೆ. ಸಡಿಲವಾದ ಜುಬ್ಬ, ಸಡಿಲವಾದ ಪಾಯಿಜಾಮ ತೊಟ್ಟವನ ಬಟ್ಟೆಗೂ ಮೈಗೂ ನಡುವೆ ಗಾಳಿಯ ಒಂದು ಪದರವಿರುತ್ತದೆ. ಸೊಂಡಿಲು ಅಲ್ಲಿಯೇ ಸೋಲುತ್ತದೆ. ಬಣ್ಣದ ವಿಚಾರದಲ್ಲೂ ಸೊಳ್ಳೆಗೆ ಅಭಿರುಚಿಯುಂಟು. ನಮ್ಮ ಉಸಿರಿನ ವಾಸನೆ ಮೂಗಿಗೆ ಬಿದ್ದ ಮೇಲೆ ಡೆಂಗೆ ಹರಡುವ ಸೊಳ್ಳೆ ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳ ಕಡೆಗೆ ಹಾರುತ್ತದೆಂದೂ, ಬಿಳುಪನ್ನೂ ಹಸಿರನ್ನೂ ಅಷ್ಟಾಗಿ ಲೆಕ್ಕಿಸುವುದಿಲ್ಲವೆಂದೂ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2022ರಲ್ಲಿ ತಿಳಿಸಿದರು. ನಮ್ಮ ಅಜ್ಜಂದಿರ ಬಿಳಿಯ ಜುಬ್ಬ ಪಾಯಿಜಾಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿಪತ್ರ ದೊರೆಯಲಾರದು.

ಇಷ್ಟು ಹೊತ್ತು ತುಸು ಹಗುರವಾಗಿ ಮಾತನಾಡಿದೆ. ಇನ್ನು ಹೇಳಬೇಕಾದದ್ದು ಹಗುರವಾದದ್ದಲ್ಲ.

ಮಳೆ ನಿಂತು, ನೆಲ ಒಣಗಿ, ಇಂಬಳ ಮಣ್ಣಿನೊಳಗೆ ಅಡಗಿದಾಗ ಕಾಡು ಸುರಕ್ಷಿತವಾಯಿತೆಂದು ನಾವು ಭಾವಿಸುತ್ತೇವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಚಾರಣಕ್ಕೆ ಪ್ರಶಸ್ತವಾದ ಕಾಲ. ಆಕಾಶ ತಿಳಿಯಾಗಿರುತ್ತದೆ, ಹಾದಿ ಜಾರುವುದಿಲ್ಲ. ಅದೇ ಕಾಲದಲ್ಲಿ ಒಣ ಎಲೆಗಳ ಮೇಲೂ ಹುಲ್ಲಿನ ತುದಿಯಲ್ಲೂ ಉಣುಗು ಕಾದು ಕುಳಿತಿರುತ್ತದೆ. ಇದನ್ನು ಉಣ್ಣೆ ಎಂದೂ ಕರೆಯುತ್ತಾರೆ. ಒಮ್ಮೆ ತರಗತಿಯಲ್ಲಿ “ಉಣ್ಣೆಯಿಂದ ರಕ್ಷಿಸಿಕೊಳ್ಳಲು ಎಂಥ ಬಟ್ಟೆ ಬೇಕು?” ಎಂದು ಕೇಳಿದಾಗ, “ಉಣ್ಣೆಯ ಬಟ್ಟೆ ಸಾರ್, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲವೆ?” ಎಂದ ಹುಡುಗನೊಬ್ಬನ ಉತ್ತರಕ್ಕೆ ನಾನು ಮನಸಾರೆ ನಕ್ಕಿದ್ದೆ. ಉತ್ತರ ಮಾತ್ರ ತಪ್ಪು. ಉಣ್ಣೆಯ ಒರಟು ಬಟ್ಟೆ ಉಣುಗಿಗೆ ಹತ್ತಲು ಹಾಕಿಕೊಟ್ಟ ಏಣಿ.

ಉಣುಗು ಜೇಡನ ವಂಶದ್ದು. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಮುಂಗಾಲುಗಳನ್ನು ಚಾಚಿಕೊಂಡು ಹುಲ್ಲಿನ ತುದಿಯಲ್ಲಿ ಕುಳಿತಿರುತ್ತದೆ. ಆ ಮುಂಗಾಲುಗಳಲ್ಲಿಯೇ ಅದರ ಮೂಗು. ಹಾದುಹೋಗುವ ಮೈಗೆ ತಗುಲಿಕೊಂಡರೆ ಸಾಕು, ಮೆಲ್ಲನೆ ಮೇಲೆ ಮೇಲೆ ಹತ್ತಿ, ಮೆತ್ತಗಿನ ಸ್ಥಳವನ್ನು ಹುಡುಕಿ ಕಚ್ಚಿಕೊಳ್ಳುತ್ತದೆ. ಮನುಷ್ಯರಿಗೆ ಹೆಚ್ಚಾಗಿ ತಗುಲುವುದು ಅದರ ಮರಿ. ಗಸಗಸೆ ಕಾಳಿನಷ್ಟು ಗಾತ್ರ. ನೋವಿಲ್ಲ, ರಕ್ತ ಸುರಿಯುವುದಿಲ್ಲ. ಇಂಬಳದಷ್ಟು ಆರ್ಭಟ ಇದಕ್ಕಿಲ್ಲ; ಆದ್ದರಿಂದಲೇ ಇದು ಅಪಾಯಕಾರಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತುಬೀಳತೊಡಗಿದವು. ಅದರ ಬೆನ್ನಿಗೆ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಆಫ್ರಿಕದ ಹಳದಿ ಜ್ವರವೇ ನಮ್ಮ ದೇಶಕ್ಕೆ ಬಂದಿತೇನೋ ಎಂಬ ಭೀತಿ ಮೊದಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ರೋಗಿಗಳ ರಕ್ತವನ್ನೂ ಸತ್ತ ಮಂಗಗಳನ್ನೂ ಉಣುಗುಗಳನ್ನೂ ಪರೀಕ್ಷಿಸಿ, ಅದುವರೆಗೆ ಯಾರೂ ಕಾಣದಿದ್ದ ವೈರಸ್ಸೊಂದನ್ನು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರು ಒಂದು ರೋಗದ ಹೆಸರಾಗಿ ನಿಂತಿತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಪಾಪ, ಮಂಗವೂ ನಮ್ಮಂತೆಯೇ ರೋಗಿ. ಹೆಸರು ಕೆಟ್ಟದ್ದು ಮಾತ್ರ ಅದರದು.

ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳೊಳಗೆ ಜ್ವರ ಏಕಾಏಕಿ ಏರುತ್ತದೆ. ಹಣೆ ಸಿಡಿಯುವಂಥ ತಲೆನೋವು, ಮೈಕೈ ಕುಟ್ಟಿಹಾಕಿದಂಥ ನೋವು, ಕೆಂಗಣ್ಣು. ಕೆಲವರಲ್ಲಿ ವಸಡಿನಿಂದಲೂ ಮೂಗಿನಿಂದಲೂ ರಕ್ತ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳ ಮೇಲೆ ಮತ್ತೆ ಮರುಕಳಿಸಿ ಮೆದುಳಿಗೂ ತಾಗುವುದುಂಟು. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ವೈರಸ್ಸನ್ನೇ ನೇರವಾಗಿ ಕೊಲ್ಲುವ ಔಷಧವಿಲ್ಲ, ಶುಶ್ರೂಷೆಯೇ ಚಿಕಿತ್ಸೆ. ಬಹುಕಾಲ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡು 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಹೀಗಿರುವಾಗ ಬಟ್ಟೆಯೆಂಬುದು ಇಲ್ಲಿ ಅಲಂಕಾರದ ಮಾತಲ್ಲ, ಔಷಧದ ಸ್ಥಾನದಲ್ಲಿ ನಿಲ್ಲುವ ವಸ್ತು.

ಆ ಬಟ್ಟೆ ಹೇಗಿರಬೇಕು? ನುಣುಪಾಗಿರಬೇಕು, ಉಣುಗಿನ ಕಾಲಿಗೆ ಹಿಡಿತ ಸಿಗಬಾರದು. ತಿಳಿಬಣ್ಣದ್ದಾಗಿರಬೇಕು, ಹತ್ತಿಕೊಂಡ ಕಪ್ಪು ಚುಕ್ಕೆ ಕಣ್ಣಿಗೆ ಕಾಣಬೇಕು. ಷರಾಯಿಯ ತುದಿಯನ್ನು ಕಾಲುಚೀಲದೊಳಗೂ ಅಂಗಿಯ ತುದಿಯನ್ನು ಷರಾಯಿಯೊಳಗೂ ಸೇರಿಸಿರಬೇಕು. ಉಣುಗು ಕೆಳಗಿನಿಂದ ಮೇಲಕ್ಕೆ ಹತ್ತುವ ಪ್ರಾಣಿ. ಹೀಗೆ ಸೇರಿಸಿದಾಗ ಅದು ದಾರಿಯುದ್ದಕ್ಕೂ ಹೊರಗೇ ಉಳಿಯುತ್ತದೆ. ನೋಡುವುದಕ್ಕೆ ನಾವು ನಾಟಕದ ಹಾಸ್ಯಪಾತ್ರದಂತೆ ಕಾಣುತ್ತೇವೆಂಬುದು ನಿಜ. ಕಾಡಿನಲ್ಲಿ ನೋಡುವವರು ಯಾರು? ಜೀನ್ಸ್ ಬಟ್ಟೆಯನ್ನು ಮನೆಯಲ್ಲಿ ಬಿಟ್ಟು ಹೋಗುವುದು ಲೇಸು. ಅದರ ಗಾಢ ನೀಲಿಯಲ್ಲಿ ಉಣುಗು ಕಾಣುವುದಿಲ್ಲ, ಒದ್ದೆಯಾದರೆ ಒಣಗುವುದಿಲ್ಲ. ಒಣ ಎಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬಾರದು, ಬಂಡೆಯನ್ನು ಹುಡುಕಿಕೊಳ್ಳಬೇಕು. ಮನೆಗೆ ಮರಳಿದ ಮೇಲೆ ಬಟ್ಟೆಯನ್ನು ಮಂಚದ ಮೇಲೆಸೆಯದೆ ನೇರವಾಗಿ ಬಚ್ಚಲಿಗೆ ಒಯ್ಯಬೇಕು. ತಣ್ಣೀರಿನ ಒಗೆತಕ್ಕೆ ಉಣುಗು ಜಗ್ಗುವುದಿಲ್ಲ. ಹಂಡೆಯ ಸುಡುನೀರನ್ನೇ ಸುರಿಯಬೇಕು. ಮಲೆನಾಡಿನ ಮನೆಗಳಲ್ಲಿ ಕಾಡಿನಿಂದ ಬಂದವರು ಮೊದಲು ಬಚ್ಚಲಿಗೆ ಹೋಗಿ ಬಿಸಿನೀರು ಹೊಯ್ದುಕೊಳ್ಳುವ ಪದ್ಧತಿ ಬರಿಯ ಮಡಿಯಲ್ಲ.

ಇನ್ನು ಮದ್ದು ಹಾಕಿದ ಬಟ್ಟೆಯ ವಿಚಾರ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಒಂದು ಅಂಗಿಯನ್ನೂ ಷರಾಯಿಯನ್ನೂ ತಂದುಕೊಟ್ಟ. ನೋಡುವುದಕ್ಕೆ ಸಾಮಾನ್ಯ ಬಟ್ಟೆ, ವಾಸನೆಯೂ ಇಲ್ಲ. ನೂಲಿನಲ್ಲಿ ಮಾತ್ರ ಪರ್ಮೆಥ್ರಿನ್ ಎಂಬ ರಾಸಾಯನಿಕ ಸೇರಿತ್ತು. ಇದರ ಕುಲದ ಕತೆ ಸ್ವಾರಸ್ಯವಾದದ್ದು. ಸೇವಂತಿಗೆಯ ಬಳಗಕ್ಕೆ ಸೇರಿದ ಒಂದು ಬಿಳಿಯ ಹೂವಿನ ಒಣಪುಡಿ ಕೀಟಗಳನ್ನು ಕೊಲ್ಲುತ್ತದೆಂಬುದು ಬಹಳ ಹಿಂದೆಯೇ ತಿಳಿದಿತ್ತು. ಆದರೆ ಹೂವಿನ ಸತ್ತ್ವ ಬಿಸಿಲಿಗೆ ನಿಲ್ಲದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೇಲ್ ಎಲಿಯಟ್ ಮತ್ತು ಸಂಗಡಿಗರು ಅದನ್ನು ಅನುಸರಿಸಿ, ಬಿಸಿಲಿಗೂ ಬಾಳುವ ವಸ್ತುವನ್ನು 1973ರಲ್ಲಿ ರೂಪಿಸಿದರು. ಅದೇ ಪರ್ಮೆಥ್ರಿನ್. ಉಣುಗು ಅದನ್ನು ಮೆಟ್ಟಿದೊಡನೆ ನರಗಳು ಹತೋಟಿ ತಪ್ಪಿ, ಕೆಂಡ ತುಳಿದಂತೆ ಒದ್ದಾಡಿ ಉದುರುತ್ತದೆ. ಮನುಷ್ಯನ ಚರ್ಮದ ಮೂಲಕ ಅದು ಒಳಗೆ ಇಳಿಯುವುದು ಅತ್ಯಲ್ಪ. ಇಳಿದದ್ದನ್ನೂ ದೇಹ ಬೇಗ ಕರಗಿಸಿಬಿಡುತ್ತದೆ.

ಹಾಗಾದರೆ ಇದೇ ದಿವ್ಯಾಸ್ತ್ರವೆ? ಅಸ್ತ್ರವೇನೋ ಹೌದು, ಆದರೆ ಅಸ್ತ್ರಕ್ಕೆ ನಿಯಮಗಳಿರುತ್ತವೆ. ಇದನ್ನು ಬಟ್ಟೆಗೆ ಹಾಕಬೇಕೇ ಹೊರತು ಮೈಗೆ ಸವರಬಾರದು. ಮನೆಯಲ್ಲಿ ಸಿಂಪಡಿಸಿಕೊಂಡದ್ದು ಐದಾರು ಒಗೆತಗಳಿಗೆ ಬರುತ್ತದೆ. ಕಾರ್ಖಾನೆಯಲ್ಲಿ ಸೇರಿಸಿದ್ದು ಅದಕ್ಕಿಂತ ಬಹಳ ಹೆಚ್ಚು. ಹಸಿಯಾಗಿರುವಾಗ ಇದು ಬೆಕ್ಕಿಗೆ ವಿಷ. ಮೀನಿಗೂ ನೀರಿನ ಕೀಟಗಳಿಗೂ ಘೋರ ವಿಷ. ಆದ್ದರಿಂದ ಇಂಥ ಬಟ್ಟೆಯನ್ನು ಕಾಡಿನ ಹಳ್ಳದಲ್ಲಿ ಜಾಲಿಸುವವನು ಕಾಡನ್ನು ನೋಡಲು ಬಂದವನಲ್ಲ. ಮೈಗೆ ಸವರಿಕೊಳ್ಳುವ ತೈಲಗಳು ಬೇರೆ. ಅಮೆರಿಕದ ಸೈನ್ಯ 1946ರಿಂದ ಬಳಸಿದ ಡೀಟ್ ಪ್ರಸಿದ್ಧವಾದದ್ದು. ಅದನ್ನು ಧಾರಾಳವಾಗಿ ಬಳಿದುಕೊಂಡು, ನನ್ನ ಗಡಿಯಾರದ ಪ್ಲಾಸ್ಟಿಕ್ ಗಾಜು ಮಂಜಾಗಿ ಹೋಗಿ, ಒಂದು ದಿನವೆಲ್ಲ ಹೊತ್ತು ತಿಳಿಯದೆ ಅಲೆದಿದ್ದೇನೆ. ಪ್ಲಾಸ್ಟಿಕ್ಕನ್ನೂ ರೇಯಾನಿನಂಥ ಬಟ್ಟೆಯನ್ನೂ ಅದು ಕೆಡಿಸುತ್ತದೆ, ಹತ್ತಿಗೆ ಬಾಧೆಯಿಲ್ಲ. ಮಂಗನ ಕಾಯಿಲೆಯ ಸೀಮೆಯಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ನಮ್ಮ ದೇಶದ್ದೇ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ಸಿದ್ಧವಾದದ್ದು.

ಇಷ್ಟೆಲ್ಲವನ್ನೂ ತಿಳಿದುಕೊಂಡು, ಒಂದು ವರ್ಷ ಫೆಬ್ರವರಿಯಲ್ಲಿ ನಾವು ಹನ್ನೊಂದು ಮಂದಿ ಸಾಗರ ಸೀಮೆಯ ಒಂದು ಕಾಡಿಗೆ ಹೋದೆವು. ಆ ಸುತ್ತಿನಲ್ಲಿ ಆ ವರ್ಷ ಕಾಯಿಲೆಯ ಸುದ್ದಿ ಇನ್ನೂ ಹುಟ್ಟಿರಲಿಲ್ಲ. ಆದರೂ ನನ್ನ ಶಿಸ್ತಿನಲ್ಲಿ ಸಡಿಲವಿರಲಿಲ್ಲ. ಎಲ್ಲರಿಗೂ ತಿಳಿಬಣ್ಣದ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಷರಾಯಿ, ತೈಲ. ಹೊರಡುವ ಮುನ್ನ ಒಬ್ಬೊಬ್ಬರನ್ನೂ ನಿಲ್ಲಿಸಿ ಪರೀಕ್ಷಿಸಿದೆ. ನಮಗೆ ದಾರಿ ತೋರಿಸಲು ಆ ಹಳ್ಳಿಯ ಹಿರಿಯರೊಬ್ಬರು ಒಪ್ಪಿದ್ದರು. ಒಂದಿಷ್ಟು ಅಡಕೆ ತೋಟವಿದ್ದವರು. ತೋಟಕ್ಕೆ ಬೇಕಾದ ಸೊಪ್ಪನ್ನೂ ಒಣ ಎಲೆಯನ್ನೂ ದಿನವೂ ಬೆಟ್ಟದಿಂದ ಹೊತ್ತು ತರುವವರು. ತಲೆಗೆ ಹಾಳೆಯ ಟೊಪ್ಪಿ, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ, ಬರಿಗಾಲು, ಕೈಯಲ್ಲಿ ಕತ್ತಿ. ಹನ್ನೊಂದು ಮಂದಿಯ ಉಡುಪನ್ನು ಪರೀಕ್ಷಿಸಿದ ನನ್ನ ಕಣ್ಣು ಹನ್ನೆರಡನೆಯವರ ಮೇಲೆ ಬೀಳಲೇ ಇಲ್ಲ. ಕಾಡು ಅವರದು, ಅವರಿಗೇನು ಎಂಬ ಭಾವನೆ ಇದ್ದಿರಬೇಕು. ಅದು ಗೌರವದಂತೆ ಕಾಣುವ ಅಲಕ್ಷ್ಯ.

ಮಧ್ಯಾಹ್ನದ ಹೊತ್ತಿಗೆ ಅವರು ಥಟ್ಟನೆ ನಿಂತು ಕೈಯೆತ್ತಿ ನಮ್ಮನ್ನು ತಡೆದರು. ದಾರಿಯಿಂದ ಅಷ್ಟು ದೂರದಲ್ಲಿ, ಮರದ ಬುಡದಲ್ಲಿ ಏನೋ ಬಿದ್ದಿತ್ತು. “ಮೇಷ್ಟ್ರೇ, ಮಕ್ಕಳನ್ನ ಕರ್ಕಂಡು ಹಿಂದೆ ಸರೀರಿ. ಮಂಗ ಸತ್ತ ಹಾಗೆ ಕಾಣ್ತದೆ. ನಾ ನೋಡ್ಕಂಡು ಬರ್ತೆ. ಆಸ್ಪತ್ರೆಯೋರಿಗೆ ಜಾಗ ಹೇಳ್ಬೇಕಲ್ಲ” ಎಂದರು. ನಾವು ಹಿಂದೆ ಸರಿದೆವು. ಅವರು ಒಣ ಎಲೆಗಳ ಮೇಲೆ ಸರಸರನೆ ನಡೆದುಹೋಗಿ, ನೋಡಿ, ಮರಕ್ಕೆ ಕತ್ತಿಯಿಂದ ಗುರುತು ಹಾಕಿ ಬಂದರು. ಸತ್ತ ಮಂಗದ ಮೈ ತಣ್ಣಗಾದೊಡನೆ ಅದರ ಮೇಲಿನ ಉಣುಗುಗಳು ಸುತ್ತಮುತ್ತಲ ನೆಲಕ್ಕೆ ಇಳಿಯುತ್ತವೆ. ಕಾಡಿನಲ್ಲಿ ಅತ್ಯಂತ ಅಪಾಯದ ಸ್ಥಳ ಅದು. ಈ ಸಂಗತಿ ನನಗೆ ಪುಸ್ತಕದಿಂದ ಗೊತ್ತಿತ್ತು. ಅವರನ್ನು ತಡೆಯಬಹುದಾಗಿತ್ತು; ನನ್ನ ಚೀಲದಲ್ಲಿದ್ದ ತೈಲವನ್ನಾದರೂ ಕೊಡಬಹುದಾಗಿತ್ತು. ಹುಡುಗರನ್ನು ಎಣಿಸುವುದರಲ್ಲಿ ನಾನು ಮಗ್ನನಾಗಿದ್ದೆ. ಉಡುಪು ತೊಟ್ಟವರು ಹಿಂದೆ ನಿಂತೆವು. ತೊಡದವರು ಮುಂದೆ ಹೋದರು.

ಆರನೆಯ ದಿನ ಅವರಿಗೆ ಜ್ವರ ಬಂದಿತೆಂದು ಸುದ್ದಿ ತಿಳಿಯಿತು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದು ಖಚಿತವಾಯಿತು. ದಿನವೂ ಬೆಟ್ಟಕ್ಕೆ ಹೋಗುವವರಿಗೆ ಅಂದೇ, ಅಲ್ಲಿಯೇ ಹತ್ತಿತೆಂದು ಯಾರು ತಾನೆ ಹೇಳಬಲ್ಲರು? ಈ ವಾದವನ್ನು ನನ್ನ ಮನಸ್ಸಿಗೆ ನಾನೇ ಅನೇಕ ಸಲ ಹೇಳಿಕೊಂಡಿದ್ದೇನೆ; ಅದು ಒಪ್ಪಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ಕಂಡಾಗ ಕಣ್ಣುಗಳು ಕೆಂಡದಂತಿದ್ದವು. ನನ್ನನ್ನು ಗುರುತಿಸಿ ಅವರು ಕೇಳಿದ ಮೊದಲ ಮಾತು, “ಮಕ್ಕಳಿಗೆ ಎಂಥದೂ ಆಗ್ಲಿಲ್ಲವಲ್ಲ, ಮೇಷ್ಟ್ರೇ?” ನಾನು ಇಲ್ಲವೆಂದು ತಲೆಯಾಡಿಸಿದೆ. ಬೇರೆ ಮಾತು ಬಾಯಿಗೆ ಬರಲಿಲ್ಲ.

ಅವರು ಉಳಿದರು. ಆದರೆ ಮೊದಲಿನ ಬಲ ಬರಲು ತಿಂಗಳುಗಳೇ ಬೇಕಾದವು. ಆ ವರ್ಷ ಅವರ ತೋಟಕ್ಕೆ ಸೊಪ್ಪು ಬೀಳಲಿಲ್ಲ.

ಮರುವರ್ಷ ನಾನು ಅಮೆರಿಕದ ಆ ಅಂಗಿಯನ್ನೂ ಷರಾಯಿಯನ್ನೂ ಮಡಿಸಿಕೊಂಡು ಅವರ ಮನೆಗೆ ಹೋದೆ. ಪ್ರಾಯಶ್ಚಿತ್ತವನ್ನು ಪೊಟ್ಟಣ ಕಟ್ಟಿ ಕೊಡಬಹುದೆಂದು ಭಾವಿಸಿದ್ದೆನೇನೋ. ಅವರು ಅದನ್ನು ಬಹಳ ಗೌರವದಿಂದ ತೆಗೆದುಕೊಂಡು, ಬೆರಳುಗಳ ನಡುವೆ ಹೊಸೆದು ನೋಡಿ, ಗೋಡೆಯ ಗೂಟಕ್ಕೆ ನೇತುಹಾಕಿದರು. ಎರಡು ದಿನ ಕಳೆದರೂ ಅದು ಗೂಟದಲ್ಲಿಯೇ ಇತ್ತು. ಕೊನೆಗೆ ಅವರ ಹೆಂಡತಿ ನಕ್ಕು, “ಈ ಷರಾಯಿ ಹಾಕ್ಕಂಡು ಮರ ಹತ್ತೂಕೆ ಆಗ್ತದಾ ಮೇಷ್ಟ್ರೇ? ಸೊಪ್ಪಿನ ಹೊರೆ ಹೊತ್ತಾಗ ಸೆಕೆಗೇ ಜೀವ ಹೋಗ್ತದೆ” ಎಂದರು. ನಾನು ನಾಚಿದೆ. ಹೊಟ್ಟೆಪಾಡಿಗಾಗಿ ಕಾಡಿಗೆ ಹೋಗುವವರಿಗೆ ಬೇಕಾದದ್ದು ವಿನೋದಕ್ಕಾಗಿ ಕಾಡಿಗೆ ಹೋಗುವವನ ಉಡುಪಲ್ಲ. ಧರಿಸಿ ದುಡಿಯಲಾಗದ ಕವಚ, ಅದು ಕರ್ಣನದೇ ಆಗಿದ್ದರೂ, ಗೂಟದ ಅಲಂಕಾರ.

ಆಗ ಮಳೆಗಾಲದ ಇಂಬಳದ ಚೀಲದ ನೆನಪಾಯಿತು. ಅದರ ಆಕಾರವನ್ನು ಆಕೆಗೆ ವಿವರಿಸಿದೆ. ಮನೆಯಲ್ಲಿದ್ದ ಒಂದು ಹಳೆಯ ಬಿಳಿಯ ಪಂಚೆಯನ್ನು ಎರಡು ಮಡಿಕೆ ಮಾಡಿ, ಆಕೆ ಒಂದು ಮಧ್ಯಾಹ್ನದಲ್ಲಿ ಎರಡು ಚೀಲಗಳನ್ನು ಹೊಲಿದುಬಿಟ್ಟರು. ಅಂಗಾಲಿನ ಭಾಗವನ್ನು ಮಾತ್ರ ತೆರೆದು ಬಿಟ್ಟು, ಹಿಮ್ಮಡಿಗೆ ಒಂದು ಪಟ್ಟಿ ಕೊಟ್ಟರು. ಮರ ಹತ್ತುವಾಗ ಬರಿಗಾಲಿನ ಹಿಡಿತ ತಪ್ಪಬಾರದಲ್ಲ! ಆ ಜಾಣ್ಮೆ ನನಗೆ ಹೊಳೆದಿರಲಿಲ್ಲ. ಚೀಲದ ಮೇಲೆ ಡೇಪಾ ತೈಲ, ತೆರೆದ ಪಾದಕ್ಕೂ ತೈಲ. ಪಂಚೆ ಮೊದಲಿನಂತೆಯೇ ಎತ್ತಿ ಕಟ್ಟಿದ್ದು. ಕೆಳಗೆ ಮೊಣಕಾಲಿನವರೆಗೆ ಬಿಳಿಯ ಚೀಲ. ಪೂರ್ಣ ರಕ್ಷೆಯೆಂದು ಹೇಳಲಾರೆ. ಆದರೆ ಗೂಟದಲ್ಲಿ ನೇತಾಡುವ ಪೂರ್ಣ ರಕ್ಷೆಗಿಂತ ಕಾಲಿನ ಮೇಲಿರುವ ಅರ್ಧ ರಕ್ಷೆ ಮೇಲು. ಅವರು ಅದನ್ನು ದಿನವೂ ತೊಟ್ಟರು. ಮರುವರ್ಷ ಹೋದಾಗ ನೆರೆಯ ಎರಡು ಮನೆಗಳ ಬಿಸಿಲುಗಳದ ಮೇಲೂ ಅಂಥ ಚೀಲಗಳು ಒಣಗುತ್ತಿದ್ದವು.

ಶ್ರೋತೃಗಳೇ, ಹುಳು ಕಚ್ಚದ ಬಟ್ಟೆ ಯಾವುದೆಂದು ಕೇಳುವವರಿಗೆ ನಾನು ಈಗ ಮರುಪ್ರಶ್ನೆಗಳನ್ನು ಕೇಳುತ್ತೇನೆ. ಯಾವ ತಿಂಗಳಿನಲ್ಲಿ ಹೋಗುತ್ತೀರಿ? ಮಳೆಗಾಲವಾದರೆ ದಟ್ಟ ನೇಯ್ಗೆಯ ಚೀಲ, ಬೇಸಗೆಯಾದರೆ ನುಣುಪಾದ ತಿಳಿಬಣ್ಣದ ಬಟ್ಟೆ, ಸಂಜೆಗೆ ಸಡಿಲವಾದ ಜುಬ್ಬ. ಮದ್ದಿನ ಬಟ್ಟೆ ದೊರೆತರೆ ಒಳ್ಳೆಯದು; ದೊರೆಯದಿದ್ದರೆ ತೈಲವೂ ಎಚ್ಚರವೂ ಸಾಕು. ಹೋಗುವ ಸೀಮೆಯಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಯಾವ ಉಡುಪೂ ಬೇಡ. ಪ್ರಯಾಣವನ್ನೇ ಮುಂದಕ್ಕೆ ಹಾಕಿ. ಇಷ್ಟನ್ನು ಹೇಳಿದ ಮೇಲೆ ಕೊನೆಯ ಪ್ರಶ್ನೆಯೊಂದನ್ನು ಕೇಳುತ್ತೇನೆ: ನಿಮ್ಮ ಮುಂದೆ ನಡೆಯುವವರು ಯಾರು? ಅವರ ಕಾಲಿಗೆ ಏನಿದೆ?

ಕಳೆದ ಸಲ ಆ ಹಿರಿಯರೊಡನೆ ನಡೆದಾಗ ಬೇಸಗೆಯ ಬೆಳಗು. ಒಣ ಎಲೆಗಳ ಕಂದುಬಣ್ಣದ ನಡುವೆ ಅವರ ಎರಡು ಬಿಳಿಯ ಕಾಲುಗಳು ಮುಂದೆ ಮುಂದೆ ಹೋಗುತ್ತಿದ್ದವು. ದಾರಿಯನ್ನು ನೋಡುವ ಅಗತ್ಯವೇ ನನಗೆ ಬೀಳಲಿಲ್ಲ. ಅವನ್ನೇ ನೋಡಿಕೊಂಡು ನಡೆದೆ.